ಬಿಚ್ಚದೆ ಹೊಲಿದ ಕುಶನ್ನು

ಶಿಫಾಳಿಗೆ ನಿದ್ದೆ ಹತ್ತಿದರೆ ಸಾಕು, ಅವಳ ಎದೆಯೊಳಗಿಂದ ಸಣ್ಣ ಸೀಟಿಯೊಂದು ಕೇಳತೊಡಗುತ್ತಿತ್ತು. ಮನೆಯ ಉಳಿದವರಿಗೆ ಅದು ಕೇಳುತ್ತಿರಲಿಲ್ಲ, ಅಥವಾ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಝುಹ್ರಾಳಿಗೆ ಮಾತ್ರ ಕುಕ್ಕರ್ ಕೂಗುವಾಗಲೂ, ಹೊರಗೆ ಕಬಕದ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಒತ್ತಿಕೊಂಡು ಹೋಗುವಾಗಲೂ ಅದೊಂದೇ ಕೇಳುತ್ತಿತ್ತು. ಬಂಗುಡೆ ತೊಳೆಯುತ್ತಿದ್ದವಳು ಅರ್ಧಕ್ಕೆ ಬಿಟ್ಟು ಓಡಿಬಂದು, ಮೀನಿನ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ತೊಟ್ಟಿಲ ಮೇಲೆ ಬಗ್ಗಿ ಮಗಳ ಎದೆಗೆ ಕಿವಿ ಕೊಡುತ್ತಿದ್ದಳು. ಉಸಿರು ಒಳಗೆ ಹೋಗುವಾಗ ಇಲ್ಲ, ಹೊರಗೆ ಬರುವಾಗ ಇದೆ. ನಿನ್ನೆಗಿಂತ ಜಾಸ್ತಿಯಾಯಿತೋ ಅಥವಾ ತನ್ನ ಕಿವಿಯೇ ಹೆಚ್ಚು ಚುರುಕಾಯಿತೋ? ಮೊಬೈಲು ತೆರೆದು ಮಕ್ಕಳ ಉಬ್ಬಸದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವಳು. ಓದಿದಷ್ಟೂ ಹೆದರಿಕೆ, ಹೆದರಿದಷ್ಟೂ ಓದು.

ಪುತ್ತೂರಿನ ಮಕ್ಕಳ ಡಾಕ್ಟರು ಎರಡು ಮಾತು ಹೇಳಿದ್ದರು. ಮಗುವನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೊದಲು ಮನೆಯಲ್ಲಿ ಧೂಳು, ಹೊಗೆ, ಬೂಷ್ಟು ಎಲ್ಲಿದೆ ಎಂದು ಹುಡುಕಿ ತೆಗೆಯಬೇಕು. ಮಂಗಳೂರಿನ ಮಾತು ಎತ್ತಿದ ಕೂಡಲೇ ಅತ್ತೆ ಜೈನಬಮ್ಮ ಕೈ ಅಡ್ಡ ಮಾಡಿದ್ದರು.

“ಈಗ ಬೇಡ. ಶಾಹಿದಾಳದ್ದು ಒಂದು ಮುಗಿಯಲಿ. ಮಗುವಿಗೆ ದಮ್ಮು ಅಂತ ಪೆರಾಬೆಯವರ ಕಿವಿಗೆ ಬಿದ್ರೆ ಎಂತ ಆಗ್ತದೆ ಗೊತ್ತುಂಟಾ? ಇವರ ರಕ್ತದಲ್ಲೇ ದಮ್ಮು ಉಂಟು ಅಂತ ಊರಿಡೀ ಹೇಳ್ತಾರೆ.”

“ದಮ್ಮು ಅಂತ ಇನ್ನೂ ಯಾರೂ ಹೇಳ್ಲಿಲ್ಲ ಮಾಮಿ. ಪರೀಕ್ಷೆ ಮಾಡಿಸಿ ಅಂದದ್ದು ಅಷ್ಟೆ.”

“ನಾನೂ ಅದನ್ನೇ ಹೇಳುದು. ಯಾರೂ ಹೇಳದ್ದನ್ನು ನಾವಾಗಿ ಹೋಗಿ ಹೇಳಿಸಿಕೊಂಡು ಬರುದು ಯಾಕೆ?”

ಶಾಹಿದಾ ಜೈನಬಮ್ಮನ ಕೊನೆಯ ಮಗಳು. ಅವಳನ್ನು ಪೆರಾಬೆಯ ಹುಡುಗನಿಗೆ ಮಾತಾಡಿತ್ತು. ಭಾನುವಾರ ಆ ಮನೆಯ ಹೆಂಗಸರು ಬಂದು ಹುಡುಗಿಗೆ ಚಿನ್ನದ ಬಳೆ ತೊಡಿಸುವವರಿದ್ದರು. ಕೈಗೆ ಬಳೆ ಬಿದ್ದರೆ ಸಂಬಂಧ ಗಟ್ಟಿ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಕೆಮ್ಮಬಾರದು ಎಂಬಂತಿತ್ತು.

ಶಿಫಾಳ ಅಪ್ಪ ಅಸ್ಕರ್ ಶಾರ್ಜಾದ ಗೋದಾಮೊಂದರಲ್ಲಿ ಕೆಲಸಕ್ಕಿದ್ದ. ಅವನಿಗೂ ವಿಷಯ ಗೊತ್ತಿರಲಿಲ್ಲ. ಅದು ಈ ಮನೆಯ ಕಾನೂನು. ಗಲ್ಫಿನಲ್ಲಿರುವ ಗಂಡಸಿಗೆ ಮನೆಯ ಕೆಟ್ಟ ಸುದ್ದಿ ಹೇಳಬಾರದು. “ಅಲ್ಲಿ ಕೂತು ಅವ ಎಂತ ಮಾಡ್ಲಿಕ್ಕುಂಟು? ನಿದ್ದೆ ಕೆಡುದು ಒಂದೇ,” ಎಂದು ಜೈನಬಮ್ಮ ಸೊಸೆಗೆ ಮದುವೆಯಾದ ವಾರದಲ್ಲೇ ಕಲಿಸಿಕೊಟ್ಟಿದ್ದರು. ಅಸ್ಕರ್ ರಾತ್ರಿ ವಿಡಿಯೋ ಕಾಲ್ ಮಾಡುವ ಹೊತ್ತಿಗೆ ಝುಹ್ರಾ ಉಸಿರಿಗೆ ಔಷಧಿ ಕೊಡುವ ನೆಬ್ಯುಲೈಸರನ್ನು ಪರದೆಯ ಹಿಂದೆ ಸರಿಸಿ, ಮಗುವಿನ ಮುಖ ಒರೆಸಿ, ಹಾಲ್‌ನ ಸೋಫಾದ ಮೇಲೆ ನಗುತ್ತ ಕೂರುತ್ತಿದ್ದಳು. ಕಾಲ್ ಮುಗಿದ ಮೇಲೆ ಆ ನಗು ಬಾಯಲ್ಲಿ ಹಳಸಿದ ತಿಂಡಿಯ ಹಾಗೆ ಉಳಿಯುತ್ತಿತ್ತು.

ಫಾತಿಮತ್ ಝುಹ್ರಾ ಹುಟ್ಟಿ ಓದಿದ್ದೆಲ್ಲ ಮಂಗಳೂರಿನಲ್ಲಿ. ನಾಲ್ಕನೇ ಮಹಡಿಯ ಫ್ಲ್ಯಾಟು, ಕಾನ್ವೆಂಟು, ಬಿ.ಕಾಂ. ಅವಳ ತಾಯಿ, ಅಂದರೆ ಉಮ್ಮ, ದಿನಕ್ಕೆರಡು ಸಲ ಮನೆಯ ನೆಲ ಒರೆಸುವ ಚೊಕ್ಕಟದ ಹೆಂಗಸು. ಮದುವೆಯಾಗಿ ಕಬಕಕ್ಕೆ ಬಂದಾಗ ತವರಿನ ಹೊಲಿಗೆ ಮೆಷಿನ್ ಕೂಡ ಬಂದಿತ್ತು. ಅವಳು ಮಗಳ ಫ್ರಾಕು, ದಿಂಬಿನ ಗೌಸು, ಪರದೆ ಹೊಲಿಯುವಳು. ಹೊಲಿಯುವಾಗ ಸ್ವಲ್ಪ ಹೊತ್ತಾದರೂ ತಲೆಯೊಳಗಿನ ಗಲಾಟೆ ನಿಲ್ಲುತ್ತಿತ್ತು.

ಆ ಮನೆಯಲ್ಲಿ ಅವಳಿಗೆ ಎಂದೂ ಹಿಡಿಸದೇ ಇದ್ದದ್ದು ಹಾಲ್‌ನ ಸೋಫಾ. ಉದ್ದದ್ದೊಂದು, ಒಂಟಿಯವು ಎರಡು. ಅಸ್ಕರ್ ಗಲ್ಫಿಗೆ ಹೋದ ಹೊಸತರಲ್ಲಿ ಕಳಿಸಿದ ದುಡ್ಡಿನಿಂದ ಪುತ್ತೂರಿನಿಂದ ಪಿಕಪ್‌ನಲ್ಲಿ ಬಂದದ್ದು. ಜೈನಬಮ್ಮನಿಗೆ ಅದು ಮಗನೇ ಬಂದು ಕೂತ ಹಾಗೆ. ಬಡ ನೆಂಟರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಗಣ್ಯರನ್ನು ಸೋಫಾದಲ್ಲಿ ಕೂರಿಸುವರು. ಪ್ರತಿ ಶುಕ್ರವಾರ ಗಲ್ಫಿನ ಸೆಂಟನ್ನು ಅದರ ಮೇಲೆ ಸಿಂಪಡಿಸಿ, ಕೆಂಡದಲ್ಲಿ ಊದಿನ ಪರಿಮಳದ ಚಕ್ಕೆ ಹಾಕಿ ಹೊಗೆ ಹಿಡಿಯುವರು. ಹೊಗೆ ಇಳಿದ ಮೇಲೆ ಸೆಂಟಿನ ಅಡಿಯಿಂದ ಬೇರೊಂದು ವಾಸನೆ ಮೆಲ್ಲನೆ ತಲೆ ಎತ್ತುತ್ತಿತ್ತು. ಸತ್ತ ಇಲಿಗೆ ಹೂ ಮುಡಿಸಿದ ಹಾಗೆ ಅನ್ನಿಸಿ ಝುಹ್ರಾ ಎದ್ದು ಕಿಟಕಿ ತೆರೆಯುತ್ತಿದ್ದಳು.

ಕುಶನ್‌ಗಳ ಕವರಿಗೂ ಒಂದು ರೀತಿಯಿತ್ತು. ಮನೆಗೆ ಹೊಸ ಅಳಿಯ, ಅಂದರೆ ಇವರ ಬಾಯಲ್ಲಿ ಪುದಿಯಾಪ್ಲೆ, ಬರುವನೆಂದರೆ ಸೋಫಾಕ್ಕೆ ಹೊಸ ಕವರು. ದೊಡ್ಡ ಮಗಳ ಪುದಿಯಾಪ್ಲೆ ಬಂದಾಗ ಒಂದು, ಮಾವ ತೀರಿಹೋದಾಗ ಸಾವಿಗೆ ಬರುವ ಜನರ ಕಣ್ಣಿಗೆಂದು ಇನ್ನೊಂದು, ಆಮೇಲೆ ಎರಡನೆಯವಳ ಪುದಿಯಾಪ್ಲೆಗೆ ಮತ್ತೊಂದು. ಹಳೆಯದನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲವಂತೆ. ಬಿಚ್ಚಿದರೆ ಫೋಮು ಹುಡಿಯಾಗುತ್ತದೆ ಎಂದು ಜೈನಬಮ್ಮನ ವಾದ. ಒಂದರ ಮೇಲೆ ಒಂದು ಹೊಲಿದು ಕುಶನ್‌ಗಳು ನೀರು ತುಂಬಿದ ಕಾಲಿನ ಹಾಗೆ ಊದಿಕೊಂಡಿದ್ದವು.

ಗುರುವಾರ ಬೆಳಿಗ್ಗೆ ಜೈನಬಮ್ಮ ಪುತ್ತೂರಿನಿಂದ ತಂದ ಬಟ್ಟೆಯನ್ನು ಝುಹ್ರಾಳ ಮುಂದೆ ಬಿಡಿಸಿದರು. ಕೆನೆಬಣ್ಣದ ಮೇಲೆ ಜರಿಯ ಎಲೆಗಳು.

“ನೋಡು, ಫೋಟೋಕ್ಕೆ ಎಷ್ಟು ಚಂದ ಬರ್ತದೆ! ಮೇಲಿಂದಲೇ ಹಾಕಿ ಹೊಲಿದುಬಿಡು. ಝಿಪ್ಪು ಗಿಪ್ಪು ಎಂತ ಬೇಡ. ಯಾರು ತೆಗೀಲಿಕ್ಕುಂಟು?”

“ಹಳೇದನ್ನು ಬಿಚ್ಚಿ ಒಗೆದು ಹಾಕುವ ಮಾಮಿ. ಝಿಪ್ಪು ಇಟ್ರೆ ತಿಂಗಳಿಗೊಮ್ಮೆ ತೊಳೀಬಹುದು.”

“ಬಿಚ್ಚುದು ಬೇಡ,” ಎಂದರು ಜೈನಬಮ್ಮ. ದನಿ ಒಮ್ಮೆಲೇ ಗಡುಸಾಗಿತ್ತು. “ಹೇಳಿದಷ್ಟು ಮಾಡು ಮಾರಾಯ್ತಿ. ಪಟ್ಟಣದ ಬುದ್ಧಿ ಎಲ್ಲ ಕುಶನ್ನಿಗೆ ಬೇಡ.” ಅಷ್ಟು ಹೇಳಿ, ಭಾನುವಾರದ ಕೋಳಿಗೆ ಅಂಗಡಿಯಲ್ಲಿ ಹೇಳಿ ಬರಲು ಜಂಕ್ಷನ್ ಕಡೆ ಹೊರಟರು.

ಝುಹ್ರಾ ಟೇಪು ಹಿಡಿದು ಉದ್ದ ಸೋಫಾದ ನಡುವಿನ ಕುಶನ್ನಿನ ಮೇಲೆ ಬಗ್ಗಿದಳು. ಬಗ್ಗಿದ ಕೂಡಲೇ ಮುಖ ತಿರುಗಿಸಬೇಕಾಯಿತು. ಬಟ್ಟೆ ಹಿಡಿದ ಬೆರಳುಗಳಿಗೆ ಜಿಡ್ಡು ಅಂಟಿತು. ಅವಳು ಎದ್ದು ಕೈ ಒರೆಸಿಕೊಳ್ಳುವಷ್ಟರಲ್ಲಿ ಶಿಫಾ ಸೋಫಾ ಹಿಡಿದು ನಿಂತು, ಅದೇ ಕುಶನ್ನಿಗೆ ಮುಖ ಒತ್ತಿ, ಅಂಚಿಗೆ ಹೊಲಿದ ಪೈಪಿಂಗ್ ಪಟ್ಟಿಯನ್ನು ಬಾಯಲ್ಲಿಟ್ಟು ಚೀಪುತ್ತಿದ್ದಳು.

“ಛೀ! ಶಿಫಾ!”

ಮಗುವಿನ ಬಾಯಿಗೆ ಬೆರಳು ಹಾಕಿ ಝುಹ್ರಾ ಕಪ್ಪು ನೂಲಿನ ಎಳೆಯೊಂದನ್ನು ಹೊರತೆಗೆದಳು. ಎಳೆಗೆ ಯಾರದೋ ನರೆಗೂದಲು ಸುತ್ತಿಕೊಂಡಿತ್ತು. ಮಗುವನ್ನು ಎತ್ತಿಕೊಂಡು ಹೋಗಿ ಶಾಹಿದಾಳ ಮಡಿಲಿಗೆ ಹಾಕಿ, ಹೊಲಿಗೆ ಡಬ್ಬಿಯಿಂದ ಬ್ಲೇಡು ತಂದಳು.

ಶಾಹಿದಾ ಮೊಬೈಲಿನಿಂದ ತಲೆ ಎತ್ತಿದಳು. “ಅತ್ತಿಗೆ, ಉಮ್ಮ ಬಿಚ್ಚಬೇಡ ಅಂದ್ರಲ್ಲ?”

“ನಿನ್ನ ಉಮ್ಮ ಈ ಪೈಪಿಂಗ್ ಚೀಪುದಿಲ್ಲ.”

“ಭಾನುವಾರ ಪೆರಾಬೆಯವರು ಬಂದು ನೆಲದಲ್ಲಿ ಕೂತ್ರೆ ನನ್ನ ಬಳೆ ಅವರ ಬ್ಯಾಗಿನಲ್ಲೇ ವಾಪಸ್ ಹೋಗ್ತದೆ ಅಷ್ಟೆ!”

“ಹೋಗ್ಲಿ. ನಾನೊಂದು ಬಳೆ ತೆಗೆದುಕೊಡ್ತೇನೆ. ಗಿಲೀಟಿನದ್ದು.”

“ನೀವು ಬಳೆ ಕೊಡ್ಬಹುದು, ಹುಡುಗನನ್ನು ಎಲ್ಲಿಂದ ತರ್ತೀರಿ?” ಎಂದು ಶಾಹಿದಾ ನಕ್ಕಳು. ನಗುತ್ತಲೇ ಮಗುವನ್ನೆತ್ತಿಕೊಂಡು ಹಾಲ್‌ನ ಬಾಗಿಲ ಬಳಿ ನಿಂತಳು. ಒಳಗೆ ಬರಲಿಲ್ಲ.

ಝುಹ್ರಾ ಕುಶನ್ನನ್ನು ಹಿಂಬದಿಯ ಜಗಲಿಗೆ ಎಳೆದು ತಂದು, ದುಪ್ಪಟ್ಟವನ್ನು ಮೂಗಿಗೆ ಕಟ್ಟಿ, ಹೊಲಿಗೆಯ ಸಂದಿಗೆ ಬ್ಲೇಡಿನ ಮೂಲೆ ತೂರಿಸಿದಳು. ಮೇಲಿನ ಹಸಿರು ಹೂವಿನ ಬಟ್ಟೆ ಚರ್ರನೆ ಬಿಚ್ಚಿತು. ಅದರೊಳಗೆ ಶೇಂಗಾ ಸಿಪ್ಪೆ, ಜಿರಳೆಯ ರೆಕ್ಕೆ, ಯಾರೋ ಕತ್ತರಿಸಿ ಸಂದಿಗೆ ತುರುಕಿದ ಕಾಲುಗುರುಗಳು. ಕಾಲುಗುರುಗಳು! ಗಣ್ಯರನ್ನು ಕೂರಿಸುವ ಜಾಗವಂತೆ ಇದು. ಹಲ್ಲಿಯ ಮೊಟ್ಟೆಯ ಚಿಪ್ಪುಗಳು ಬಿಳಿ ಗುಳಿಗೆಗಳ ಹಾಗೆ ಉರುಳಿದವು.

ಅಡಿಯಲ್ಲಿ ನೀಲಿ ವೆಲ್ವೆಟ್ಟು. ಕೂತು ಕೂತು ಬೋಳಾದಲ್ಲಿ ತಲೆಯೆಣ್ಣೆ ಇಳಿದು ತೊಗಲಿನ ಹಾಗೆ ಮಿರುಗುತ್ತಿತ್ತು. ಬ್ಲೇಡು ತಾಗಿದಾಗ ಹಳದಿ ಹುಡಿ ಹಾರಿ ಅವಳ ರೆಪ್ಪೆಗೆ ಕೂತಿತು. ಇದನ್ನು ನನ್ನ ಮಗು ಉಸಿರಾಡುತ್ತಿತ್ತು, ಎಂದುಕೊಂಡಳು. ಇದರ ಮೇಲೆ ಕವುಚಿ ಮಲಗಿ ನಿದ್ದೆ ಮಾಡುತ್ತಿತ್ತು, ನಾನು ಚಂದ ಕಾಣುತ್ತದೆಂದು ಫೋಟೋ ತೆಗೆದು ಕಳಿಸುತ್ತಿದ್ದೆ.

ವೆಲ್ವೆಟ್ಟಿನ ಕೆಳಗೆ ಇನ್ನೊಂದು ಬಟ್ಟೆ ಇರಬೇಕಿತ್ತು, ದೊಡ್ಡ ಮಗಳ ಕಾಲದ್ದು. ಅದಿರಲಿಲ್ಲ. ಅಲ್ಲಿದ್ದದ್ದು ದಪ್ಪ ಪ್ಲಾಸ್ಟಿಕ್ ಹಾಳೆ, ಮಳೆಗಾಲದಲ್ಲಿ ಕಟ್ಟಿಗೆಗೆ ಹೊದಿಸುವಂಥದ್ದು. ಅದನ್ನು ಕಂದು ಟೇಪಿನಿಂದ ಸುತ್ತಲೂ ಬಿಗಿದಿತ್ತು. ಝುಹ್ರಾ ಅದನ್ನೂ ಸೀಳಿದಳು.

ಏಳುವುದಕ್ಕೂ ಪುರುಸೊತ್ತಿರಲಿಲ್ಲ. ಜಗಲಿಯ ಅಂಚಿಗೆ ಬಗ್ಗಿ ಬೆಳಗಿನ ಚಹಾವನ್ನೆಲ್ಲ ಕಾರಿಕೊಂಡಳು. ಮುಚ್ಚಿಟ್ಟು ಕೊಳೆತ ಮೂತ್ರದ ವಾಸನೆ, ಅದಕ್ಕೆ ಬೆರೆತ ಮುಲಾಮಿನ ವಾಸನೆ. ಫೋಮಿನ ನಡುವೆ ಒಂದು ಆಳು ಕೂರುವಷ್ಟು ಅಗಲದ ಕಪ್ಪು ಮಡು. ಅಂಚಿನಲ್ಲಿ ಹಳದಿ ಉಂಗುರದ ಹೊರಗೆ ಮತ್ತೊಂದು ಉಂಗುರ. ಒಂದು ದಿನ, ಎರಡು ದಿನದ್ದಲ್ಲ. ಮಗುವಿನದ್ದಂತೂ ಅಲ್ಲವೇ ಅಲ್ಲ.

“ಇದು ಯಾರದ್ದು?” ಬಾಯಿ ಒರೆಸಿಕೊಳ್ಳುತ್ತ ಕೇಳಿದಳು.

ಹಿಂದೆಯೇ ಜಗಲಿಗೆ ಬಂದಿದ್ದ ಶಾಹಿದಾ ಮಗುವಿನ ಕೂದಲು ಸರಿಮಾಡಿದಳು. ಆಗಲೇ ಸರಿಯಾಗಿತ್ತು, ಮತ್ತೊಮ್ಮೆ ಮಾಡಿದಳು. “ಉಪ್ಪನದ್ದು.” ತೀರಿಹೋದ ತಂದೆಯದ್ದು.

“ನಿಮ್ಮ ಉಪ್ಪ ಮಲಗಿದವರು ಏಳಲಿಲ್ಲ ಅಂತಲ್ವಾ ಹೇಳಿದ್ದು? ನಿಮ್ಮಣ್ಣನೂ ಹಾಗೇ ಹೇಳುದು. ಪುಣ್ಯದ ಸಾವು, ಒಂದು ದಿನ ಮಲಗಲಿಲ್ಲ ಅಂತ.”

“ಅಣ್ಣನಿಗೆ ಹಾಗೆ ಹೇಳಿದ್ದು.”

“ಮತ್ತೆ?”

“ಮಳೆಗಾಲ ಶುರುವಿಗೆ ಒಂದು ಬದಿ ಬಿದ್ದುಹೋಯ್ತು. ಮಾತು ನಿಂತಿತು. ಆ ಮಳೆಗಾಲ ಪೂರ್ತಿ ಇದರಲ್ಲೇ ಇದ್ದರು.” ಶಾಹಿದಾ ತಗ್ಗಿದ ದನಿಯಲ್ಲಿ ಬೇಗಬೇಗ ಹೇಳಿದಳು. “ಅಣ್ಣನಿಗೆ ಆಗ ಹೊಸ ಕಂಪನಿ, ಹೇಳಿದ್ರೆ ಬಿಟ್ಟು ಬರ್ತಾನೆ ಅಂತ ಉಮ್ಮ ಹೇಳ್ಲಿಲ್ಲ.”

“ಅವರು ದಿನಾ ವಿಡಿಯೋ ಕಾಲ್ ಮಾಡ್ತಿದ್ರಲ್ಲ?”

ಶಾಹಿದಾ ಮನೆಯೊಳಕ್ಕೆ ನೋಡಿದಳು. ಬಾಗಿಲಲ್ಲಿ ಜೈನಬಮ್ಮ ನಿಂತಿದ್ದರು, ಕೈಯಲ್ಲಿ ಕೊತ್ತಂಬರಿ ಕಟ್ಟು, ತಲೆಯ ಮೇಲಿನ ಸೆರಗು ಜಾರಿತ್ತು. ಜಗಲಿಯಲ್ಲಿ ಹೊಟ್ಟೆ ಸೀಳಿ ಬಿದ್ದ ಕುಶನ್ನನ್ನು ನೋಡಿದರು, ಸೊಸೆಯ ವಾಂತಿಯನ್ನು ನೋಡಿದರು.

“ಸಮಾಧಾನ ಆಯ್ತಾ?” ಎಂದರು.

“ಮಾಮಿ, ಇದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಟ್ಟಿದ್ದೀರಲ್ಲ! ಇದರ ಮೇಲೆ ನನ್ನ ಮಗು...”

“ಎಂತ, ಅಸಹ್ಯವಾ? ನೀನು ಒಂದು ಗಳಿಗೆ ನೋಡಿದ್ದಕ್ಕೆ ಹೊಟ್ಟೆಯದ್ದೆಲ್ಲ ಹೊರಗೆ ಹಾಕಿದೆ. ನಾನು ದಿನಾ ತೊಳೆದವಳು. ಈ ಕೈಯಲ್ಲಿ.” ಜೈನಬಮ್ಮ ಕೊತ್ತಂಬರಿ ಹಿಡಿದ ಕೈಯನ್ನೇ ಎತ್ತಿದರು. “ಮಂಚಕ್ಕೆ ಎತ್ತಿ ಹಾಕ್ಲಿಕ್ಕೆ ಗಂಡಸರಿಲ್ಲ. ಇದರಲ್ಲಾದ್ರೆ ಒರಗಿ ಕೂರ್ತಿದ್ರು. ರಾತ್ರಿ ಅಸ್ಕರ್ ಕಾಲ್ ಮಾಡುವಾಗ ಹಿಂದಿನಿಂದ ಎರಡು ದಿಂಬು ಕೊಡ್ತಿದ್ದೆ. ಬಾಯಿ ಸೊಟ್ಟ ಆದ ಬದಿಗೆ ಶಾಲು ಎಳೆದು, ಟೊಪ್ಪಿ ಇಟ್ಟು, ಫೋನು ಸ್ವಲ್ಪ ದೂರ ಹಿಡೀತಿದ್ದೆ. ಉಪ್ಪ ಯಾಕೆ ಮಾತಾಡುದಿಲ್ಲ ಕೇಳಿದ್ರೆ, ಗಂಟಲು ಕಟ್ಟಿದೆ ಅಂತ.”

“ಇಡೀ ಮಳೆಗಾಲ ಗಂಟಲು ಕಟ್ಟಿದೆ ಅಂತ?”

“ಅವ ನಂಬಿದ.”

ಆ ಮಾತನ್ನು ಜೈನಬಮ್ಮ ಹೇಳಿದ ರೀತಿಯಲ್ಲಿ ಸಣ್ಣ ಹೆಮ್ಮೆಯೊಂದಿತ್ತು. ಝುಹ್ರಾಳಿಗೆ ಕುಶನ್ನಿನ ವಾಸನೆಗಿಂತ ಹೆಚ್ಚು ಓಕರಿಕೆ ಬಂದದ್ದು ಅದಕ್ಕೆ. ಅವಳ ಕಣ್ಣೆದುರು ಆ ಚಿತ್ರ ನಿಂತುಬಿಟ್ಟಿತು. ಟೊಪ್ಪಿ ಇಟ್ಟ ಮುದುಕ, ಒದ್ದೆಯಲ್ಲಿ ಕೂತವನು, ಒಂದು ಕಣ್ಣಿನಿಂದ ಫೋನಿನೊಳಗಿನ ಮಗನನ್ನು ನೋಡುತ್ತ. ಹೇಳಬೇಕೆಂದು ಏನಿತ್ತೋ. ಬಾ ಎನ್ನಬೇಕೆಂದಿತ್ತೋ ಏನೋ. ಪಕ್ಕದಲ್ಲಿ ಕೂತವರೆಲ್ಲ ನಗುತ್ತಿದ್ದರು. ತಾನು ರಾತ್ರಿ ಶಿಫಾಳನ್ನು ಮಡಿಲಲ್ಲಿಟ್ಟು ನಗುವುದೂ ಅದೇ ಜಾಗದಲ್ಲಿ, ಅದೇ ಕುಶನ್ನಿನ ಮೇಲೆ.

“ನಿಮ್ಮ ಮಗ ನಾಳೆ ನಿಮ್ಮನ್ನು ಕೇಳಿದ್ರೆ, ಉಪ್ಪನನ್ನು ಒಮ್ಮೆ ಮುಟ್ಟಲಿಕ್ಕೂ ಬಿಡಲಿಲ್ಲ ಯಾಕೆ ಅಂತ?”

“ಯಾರು ಹೇಳ್ಲಿಕ್ಕುಂಟು ಅವನಿಗೆ?” ಜೈನಬಮ್ಮ ಸೆರಗು ಸರಿಮಾಡಿಕೊಂಡರು. ಮುಖದಲ್ಲಿ ಇದ್ದದ್ದೆಲ್ಲ ಒಳಗೆ ಹೋಗಿ, ಕೆಲಸದ ಜೈನಬಮ್ಮ ವಾಪಸ್ಸಾದರು. “ಆದದ್ದಾಯ್ತು. ಈಗ ಆ ಪ್ಲಾಸ್ಟಿಕ್ಕಿಗೆ ಟೇಪು ಹಾಕು, ಮೇಲಿಂದ ಹೊಸ ಬಟ್ಟೆ ಹೊಲಿ. ಸಂಜೆಗೆ ಎಲ್ಲ ಮುಗೀಬೇಕು. ಭಾನುವಾರ ಮಗುವನ್ನು ಒಳಗಿನ ಕೋಣೆಯಲ್ಲಿ ಮಲಗಿಸು, ಹೊರಗೆ ತರಬೇಡ. ವಾಸನೆಗೆ ನಾನು ಊದು ಹಾಕ್ತೇನೆ.”

“ಮಾಮಿ, ಹೊಗೆ ಬೇಡ. ಡಾಕ್ಟರು ಹೇಳಿದ್ದಾರೆ.”

“ಡಾಕ್ಟರ ಮನೆಗೆ ಪೆರಾಬೆಯವರು ಬರುದಿಲ್ಲ.”

ಮಾತು ಕೇಳದೆ ಜೈನಬಮ್ಮ ಅಡುಗೆಮನೆಗೆ ಹೋಗಿ, ಗ್ಯಾಸಿನ ಮೇಲೆ ಇದ್ದಿಲು ಕೆಂಪಗೆ ಮಾಡಿ, ಹೊಗೆಬಟ್ಟಲಿಗೆ ಹಾಕಿ, ಊದಿನ ಚೂರುಗಳನ್ನು ಚೆಲ್ಲಿಕೊಂಡು ಬಂದರು. ಹಾಲ್‌ನಲ್ಲಿ ಒಮ್ಮೆ ಸುತ್ತು ಹಾಕಿ ಜಗಲಿಗೆ ತಂದು, ಸೀಳಿದ ಕುಶನ್ನಿನ ಪಕ್ಕವೇ ಇಟ್ಟರು. ಸಿಹಿ ಹೊಗೆ ಎದ್ದು ಮೂತ್ರದ ವಾಸನೆಗೆ ಸುತ್ತಿಕೊಂಡಿತು. ಎರಡೂ ಸೇರಿ ಹುಟ್ಟಿದ ಮೂರನೆಯ ವಾಸನೆಗೆ ಹೆಸರಿರಲಿಲ್ಲ. ಮೂರು ವರ್ಷದಿಂದ ಈ ಮನೆಯ ವಾಸನೆ ಎಂದುಕೊಂಡಿದ್ದು ಇದನ್ನೇ ಎಂದು ಝುಹ್ರಾಳಿಗೆ ಆಗ ಗೊತ್ತಾಯಿತು.

ಶಾಹಿದಾಳ ತೋಳಿನಲ್ಲಿ ಶಿಫಾ ಕೆಮ್ಮಿದಳು. ಮೊದಲು ಚಿಕ್ಕದು, ಆಮೇಲೆ ಒಂದರ ಹಿಂದೊಂದು. ಕೆಮ್ಮು ನಿಂತಾಗ ಉಸಿರು ಸಿಗದೆ ಬಾಯಿ ತೆರೆದಳು. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

“ಅತ್ತಿಗೆ!” ಶಾಹಿದಾಳ ದನಿಯಲ್ಲಿ ಈಗ ನಗುವಿರಲಿಲ್ಲ.

ಝುಹ್ರಾ ಅಲ್ಲೇ ಇದ್ದ ನೀರಿನ ಬಕೆಟ್ಟನ್ನು ಎತ್ತಿ ಹೊಗೆಬಟ್ಟಲಿಗೆ ಸುರಿದಳು. ಕೆಂಡ ಬುಸ್ಸೆಂದಿತು. ಜೈನಬಮ್ಮನ ಪಾದಕ್ಕೆ ಬೂದಿ ನೀರು ಸಿಡಿಯಿತು, ಅವರು ಬಗ್ಗಿ ಬರಿಗೈಯಲ್ಲಿ ಅದನ್ನು ಒರೆಸಿಕೊಂಡರು. ಈ ಮನೆಯಲ್ಲಿ ಯಾರೂ ಅವರೆದುರು ಹಾಗೆ ಮಾಡಿದ್ದಿರಲಿಲ್ಲ. ಝುಹ್ರಾ ಗಡಿಬಿಡಿಯಲ್ಲಿ ಕೈಗೆ ಸೋಪು ಹಾಕಿ ತೊಳೆದು, ಮಗುವನ್ನು ಕಸಿದುಕೊಂಡು ಕೋಣೆಗೆ ಓಡಿ, ನೆಬ್ಯುಲೈಸರಿನ ಮಾಸ್ಕನ್ನು ಆ ಪುಟ್ಟ ಮುಖಕ್ಕೆ ಹಿಡಿದಳು. ಮೆಷಿನ್ ಗುರುಗುಟ್ಟಿತು. ಉಸಿರು ಮೆಲ್ಲಗೆ ಹದಕ್ಕೆ ಬರುವವರೆಗೆ ಅವಳು ಮಗಳ ಪಕ್ಕೆಯಿಂದ ಕಣ್ಣು ಕೀಳಲಿಲ್ಲ.

ಜೈನಬಮ್ಮ ಬಾಗಿಲಿಗೆ ಬಂದು ನಿಂತರು. “ಕಡಿಮೆ ಆಯ್ತಲ್ಲ?” ಎಂದು ಮೆತ್ತಗೆ ಕೇಳಿದರು. “ಭಾನುವಾರ ಒಂದು ಕಳೀಲಿ ಮಗಳೇ. ಸೋಮವಾರ ನಾನೇ ಕರ್ಕೊಂಡು ಹೋಗ್ತೇನೆ.”

ಬಹುಶಃ ಹೋಗುತ್ತಿದ್ದರೇನೋ. ಆದರೆ ಸೋಮವಾರ ಬಂದರೆ ನಿಕಾಹ್‌ನ ದಿನ ಗೊತ್ತುಮಾಡುವುದಿರುತ್ತದೆ, ಆಮೇಲೆ ನಿಕಾಹ್ ಇರುತ್ತದೆ, ಆಮೇಲೆ ಪುದಿಯಾಪ್ಲೆಯ ಊಟಗಳಿರುತ್ತವೆ. ಪ್ರತಿ ಸಲವೂ ಯಾರೋ ಒಬ್ಬರು ಬರುವವರಿರುತ್ತಾರೆ. ಮಾವನಿಗೂ ಹೀಗೆಯೇ ಹೇಳಿರಬೇಕು, ಇದೊಂದು ಕಳೆಯಲಿ ಎಂದು.

ಝುಹ್ರಾ ಮಾಸ್ಕನ್ನು ಎಡಗೈಗೆ ಬದಲಿಸಿ ಫೋನು ತೆಗೆದಳು. ಅಲ್ಲಿ ಅಸ್ಕರನಿಗೆ ಡ್ಯೂಟಿಯ ಹೊತ್ತು. ಈ ಹೊತ್ತಿನಲ್ಲಿ ಮನೆಯಿಂದ ಯಾರೂ ಫೋನು ಮಾಡಿದ್ದಿಲ್ಲ.

“ಯಾರಿಗೆ?” ಎಂದರು ಜೈನಬಮ್ಮ. ಸೊಸೆಯ ಮುಖ ನೋಡಿದರು. “ಬೇಡ ಝುಹ್ರಾ. ಅವ ಹೆದರ್ತಾನೆ. ಬೇಡ ಹೇಳಿದೆ ನಾನು.”

“ಹೆದರ್ಲಿ ಮಾಮಿ. ನಾನೊಬ್ಬಳೇ ಎಷ್ಟು ಅಂತ ಹೆದರುದು?”

ರಿಂಗಾಯಿತು. ಎರಡನೇ ಸಲಕ್ಕೆ ಎತ್ತಿದ. ಹಿಂದಿನಿಂದ ಯಾವುದೋ ಗಾಡಿ ರಿವರ್ಸ್ ಬರುವ ಸದ್ದು.

“ಝುಹ್ರಾ? ಎಂತ ಆಯ್ತು? ಈ ಹೊತ್ತಿನಲ್ಲಿ?”

ಏನಿಲ್ಲ, ಸುಮ್ಮನೆ ಎನ್ನು ಎಂದು ಜೈನಬಮ್ಮ ಎರಡೂ ಕೈಯಾಡಿಸಿ ಸನ್ನೆ ಮಾಡುತ್ತಿದ್ದರು.

“ಆಗಿದೆ,” ಎಂದಳು ಝುಹ್ರಾ. “ಶಿಫಾಳಿಗೆ ಉಸಿರಾಟದ ತೊಂದರೆ ಉಂಟು. ಮಳೆಗಾಲದಿಂದ ಉಂಟು. ನಿಮಗೆ ಯಾರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ಮೆಷಿನ್ ಇಟ್ಟಿದ್ದೇನೆ, ಸ್ವಲ್ಪ ಕಡಿಮೆ ಆಗಿದೆ. ಇನ್ನು ಕಾಯುದಿಲ್ಲ. ಕಾರು ಹೇಳಿ ಈಗಲೇ ಮಂಗಳೂರಿಗೆ ಹೊರಡ್ತೇನೆ. ಕೇಳ್ತಾ ಉಂಟಾ?”

“ಮಳೆಗಾಲದಿಂದವಾ? ಮೊನ್ನೆ ನೀನು ನಗ್ತಾ ಇದ್ದೆ ಅಲ್ವಾ?”

“ನಗ್ತಾ ಇದ್ದೆ. ಹೌದು.”

ಆ ಕಡೆ ಗಾಡಿಯ ಸದ್ದು ನಿಂತಿತು. ಅವನು ಎಲ್ಲಿಗೋ ನಡೆದು ಹೋದ ಹಾಗೆ ಕೇಳಿಸಿತು. “ಹೊರಡು. ಈಗಲೇ ಹೊರಡು. ನಾನು ರಜೆ ಕೇಳ್ತೇನೆ. ಮತ್ತೆ ಎಂತ ಉಂಟು ನನಗೆ ಹೇಳದ್ದು?”

ಝುಹ್ರಾ ಅತ್ತೆಯ ಕಡೆ ನೋಡಿದಳು. ಜೈನಬಮ್ಮ ಗೋಡೆ ಹಿಡಿದುಕೊಂಡಿದ್ದರು.

“ಒಂದುಂಟು. ಅದು ನಾನು ಹೇಳುದಲ್ಲ,” ಎಂದು ಫೋನನ್ನು ಅವರತ್ತ ಚಾಚಿದಳು. “ಮಾಮಿ, ಉಪ್ಪನದ್ದು ನೀವೇ ಹೇಳಿ.”

ಜೈನಬಮ್ಮ ಬೂದಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನು ತೆಗೆದುಕೊಂಡರು.